ಕೋತಿಯ ಕಣ್ಣಲ್ಲಿ ಕಂಡ ಮುಟ್ಟು

ಹೆಣ್ಣು ಕೋತಿಯೊಂದರ ಗರ್ಭಕೋಶದ ಒಳಪದರದಿಂದ ಚೂರೇ ಚೂರು ತೆಗೆದು, ಅದೇ ಕೋತಿಯ ಕಣ್ಣಿನೊಳಗೆ ಇಟ್ಟರೆ ಏನಾಗುತ್ತದೆ? ಕಣ್ಣಿನ ಮುಂಭಾಗದಲ್ಲಿ, ಪಾರದರ್ಶಕ ಕಾರ್ನಿಯಾದ ಹಿಂದೆ, ತಿಳಿನೀರು ತುಂಬಿದ ಪುಟ್ಟ ಜಾಗವೊಂದಿದೆ. ಅಲ್ಲಿ ಇಡುವುದು. ಇದ್ದ ಜಾಗದಿಂದ ಕಿತ್ತು ತಂದ ಚೂರು, ಬಾಡಿ ಕರಗಿ ಹೋದೀತು ಎಂದೇ ಯಾರಿಗಾದರೂ ಅನಿಸುತ್ತದೆ. ಹಾಗಾಗಲಿಲ್ಲ! ಕಣ್ಣಪಾಪೆಯ ಸುತ್ತಲಿನ ಬಣ್ಣದ ಪರದೆಯಿಂದ ಹೊಸ ರಕ್ತನಾಳಗಳು ಚಿಗುರಿ ಆ ಚೂರನ್ನು ಹುಡುಕಿಕೊಂಡು ಬಂದವು. ಚೂರು ಬದುಕಿತು, ಬೆಳೆಯಿತು, ದಿನದಿಂದ ದಿನಕ್ಕೆ ದಪ್ಪವಾಯಿತು. ಆಮೇಲೆ ಕೋತಿಗೆ ಮುಟ್ಟಾಗುವ ಹೊತ್ತು ಬಂತು. ಅತ್ತ ಗರ್ಭಕೋಶದಿಂದ ರಕ್ತ ಇಳಿಯುತ್ತಿದ್ದಾಗಲೇ ಇತ್ತ ಕಣ್ಣಿನೊಳಗೆ ಕುಳಿತ ಚೂರೂ ರಕ್ತ ಸುರಿಸಿತು. ಕಣ್ಣು ಮುಟ್ಟಾಯಿತು!

ಇದು ಕಟ್ಟುಕತೆಯಲ್ಲ. ಜೋಸೆಫ್ ಮಾರ್ಕಿ ಎಂಬ ಅಮೆರಿಕದ ಅಂಗರಚನಾ ವಿಜ್ಞಾನಿ ರೀಸಸ್ ಕೋತಿಗಳ ಮೇಲೆ ನಡೆಸಿ 1940ರಲ್ಲಿ ಪ್ರಕಟಿಸಿದ ಪ್ರಯೋಗ. ರೀಸಸ್ ಎಂದರೆ ಉತ್ತರ ಭಾರತದ ದೇವಸ್ಥಾನ, ರೈಲು ನಿಲ್ದಾಣಗಳಲ್ಲೆಲ್ಲ ಕಾಣುವ ಅದೇ ಕೋತಿ. ಅದಕ್ಕೂ ಮನುಷ್ಯರಂತೆಯೇ ಸುಮಾರು 28 ದಿನಕ್ಕೊಮ್ಮೆ ಮುಟ್ಟು. ಆ ಮೂಕ ಪ್ರಾಣಿಗಳನ್ನು ನೆನೆದರೆ ಕರುಳು ಚುರುಕ್ ಎನ್ನುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಜೀವಂತ ದೇಹದಲ್ಲಿ ಮುಟ್ಟು ನಡೆಯುವುದನ್ನು ಹೀಗೆ ಕಣ್ಣಾರೆ ಕಂಡವರು ಯಾರಿದ್ದರು? ಕಾರ್ನಿಯಾದ ಆಚೆಯಿಂದ ಸೂಕ್ಷ್ಮದರ್ಶಕ ಹಿಡಿದು ಮಾರ್ಕಿ ಅದನ್ನು ದಿನವೂ ನೋಡಿದರು.

ಅವರು ಕಂಡದ್ದು ಇಷ್ಟು. ರಕ್ತ ಕಾಣಿಸಿಕೊಳ್ಳುವುದಕ್ಕೆ ಎರಡರಿಂದ ಆರು ದಿನ ಮೊದಲೇ ಆ ಚೂರು ಕುಗ್ಗತೊಡಗುತ್ತದೆ. ಅದರೊಳಗೆ ಸುರುಳಿ ಸುರುಳಿಯಾಗಿ ಮೇಲೇರಿದ ರಕ್ತನಾಳಗಳಿವೆ. ಅಂಗಾಂಶ ಕುಗ್ಗಿದಾಗ ಅವಕ್ಕೆ ಜಾಗ ಸಾಲದೆ ಇನ್ನಷ್ಟು ಬಿಗಿಯಾಗಿ ಸುತ್ತಿಕೊಳ್ಳುತ್ತವೆ, ಒಳಗಿನ ರಕ್ತ ನಿಧಾನವಾಗುತ್ತದೆ. ಇನ್ನೇನು ನಾಲ್ಕರಿಂದ ಇಪ್ಪತ್ತನಾಲ್ಕು ಗಂಟೆ ಇದೆ ಎನ್ನುವಾಗ ಆ ನಾಳಗಳು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಕೆಂಪಗಿದ್ದ ಚೂರು ಬಿಳಿಚಿಕೊಳ್ಳುತ್ತದೆ. ಆಮೇಲೆ ಎಲ್ಲೋ ಒಂದು ನಾಳ ಸಡಿಲಗೊಳ್ಳುತ್ತದೆ, ರಕ್ತ ನುಗ್ಗುತ್ತದೆ, ಬಲಗೆಟ್ಟ ಗೋಡೆ ತಡೆಯಲಾರದೆ ಒಂದು ಹನಿ ಹೊರಬೀಳುತ್ತದೆ. ಅಷ್ಟರಲ್ಲಿ ಅದು ಮತ್ತೆ ಮುಚ್ಚಿಕೊಂಡಿರುತ್ತದೆ, ಇನ್ನೊಂದು ಕಡೆ ಇನ್ನೊಂದು ನಾಳ ತೆರೆದಿರುತ್ತದೆ. ಒಮ್ಮೆಗೇ ಹರಿಯುವ ಪ್ರವಾಹ ಎಂದು ನಾವು ತಿಳಿದದ್ದು ಒಂದಾದ ಮೇಲೊಂದರಂತೆ ನಡೆಯುವ ಲೆಕ್ಕವಿಲ್ಲದಷ್ಟು ಪುಟ್ಟ ಪುಟ್ಟ ಸ್ರಾವಗಳು!

ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿದೆ. ಗರ್ಭಕೋಶದಿಂದ ಕತ್ತರಿಸಿ ತಂದ ಮೇಲೆ ಆ ಚೂರಿಗೆ ಹಳೆಯ ನರಗಳ ನಂಟು ಇಲ್ಲ, ಪಕ್ಕದ ಸ್ನಾಯುವಿನ ನಂಟಿಲ್ಲ. ಆದರೂ ತನ್ನ ಮೂಲದ ಜೊತೆ ತಾಳ ತಪ್ಪಲಿಲ್ಲ. ಅಂದರೆ ಅಪ್ಪಣೆ ಬರುವುದು ರಕ್ತದಲ್ಲೇ. ಅಂಡಾಶಯ ಬಿಟ್ಟುಕೊಟ್ಟ ಹಾರ್ಮೋನು ಮೈಯೆಲ್ಲ ಸುತ್ತಿ ಕಣ್ಣಿಗೂ ಬಂದು, ಅಲ್ಲಿದ್ದ ಚೂರಿಗೂ ಅದೇ ಸಂದೇಶ ಮುಟ್ಟಿಸಿತ್ತು.

ಇನ್ನೂ ಮೂವತ್ತೆರಡು ವರ್ಷ ಹಿಂದಕ್ಕೆ, ವಿಯೆನ್ನಾಕ್ಕೆ ಹೋಗಬೇಕು. ಆಗ ವೈದ್ಯರಿಗೆ ಒಂದು ಗೊಂದಲ. ಒಬ್ಬ ಹೆಂಗಸಿನ ಗರ್ಭಕೋಶದ ಒಳಪದರ ಕೆರೆದು ನೋಡಿದರೆ ತೆಳ್ಳಗೆ, ನೆಟ್ಟನೆಯ ಗ್ರಂಥಿಗಳು. ಇನ್ನೊಬ್ಬಳದು ದಪ್ಪ, ಗ್ರಂಥಿಗಳೆಲ್ಲ ಸೊಟ್ಟ, ಊದಿಕೊಂಡಿವೆ. ಎರಡನೆಯದನ್ನು ಕಾಯಿಲೆ ಎಂದರು, ಉರಿಯೂತ ಎಂದು ಹೆಸರಿಟ್ಟರು, ಚಿಕಿತ್ಸೆಯನ್ನೂ ಕೊಟ್ಟರು. 1908ರಲ್ಲಿ ಫ್ರಿಟ್ಸ್ ಹಿಟ್ಶ್‌ಮನ್ ಮತ್ತು ಲುಡ್ವಿಗ್ ಆಡ್ಲರ್ ಎಂಬ ಇಬ್ಬರು ವೈದ್ಯರು ಪ್ರತಿ ಚೂರಿನ ಜೊತೆ ಒಂದು ಸರಳ ಪ್ರಶ್ನೆಯನ್ನೂ ಇಟ್ಟರು: ಈಕೆ ಮುಟ್ಟಾಗಿ ಎಷ್ಟು ದಿನವಾಯಿತು? ಉತ್ತರಗಳನ್ನು ಸಾಲಾಗಿ ಜೋಡಿಸಿದಾಗ ಕಾಯಿಲೆ ಮಾಯವಾಯಿತು. ಇವಳದು ಬೇರೆ, ಅವಳದು ಬೇರೆ ಅಲ್ಲವೇ ಅಲ್ಲ. ಒಬ್ಬಳದೇ ಒಳಪದರ ಒಂದು ತಿಂಗಳಲ್ಲಿ ಇಷ್ಟೆಲ್ಲ ರೂಪ ತಾಳುತ್ತದೆ! ವಾರ ವಾರಕ್ಕೂ ಗುರುತು ಸಿಗದಷ್ಟು ಬದಲಾಗುವ ಅಂಗಾಂಶ ಆರೋಗ್ಯವಂತ ದೇಹದಲ್ಲಿ ಇರಬಲ್ಲದು ಎಂಬುದನ್ನೇ ಹೆಚ್ಚಿನವರು ಊಹಿಸಿರಲಿಲ್ಲ. ಆ ದಿನಾಂಕವನ್ನು ಕೇಳಿದ್ದೇ ವೈದ್ಯಶಾಸ್ತ್ರದ ದೊಡ್ಡ ಪ್ರಶ್ನೆಗಳಲ್ಲೊಂದು ಎಂದು ನಾನು ನಂಬುತ್ತೇನೆ.

ಈಗ ಆ ತಿಂಗಳನ್ನು ಹತ್ತಿರದಿಂದ ನೋಡೋಣ. 28 ದಿನ ಎಂಬುದು ಪುಸ್ತಕದ ಲೆಕ್ಕ. 21ರಿಂದ 35 ದಿನದವರೆಗೂ ಸಹಜವೇ. ರಕ್ತ ಕಂಡ ದಿನವೇ ಮೊದಲ ದಿನ.

ಒಳಪದರದಲ್ಲಿ ಎರಡು ಭಾಗ. ಮೇಲಿನದು ಕಳಚಿ ಬೀಳುತ್ತದೆ. ಸ್ನಾಯುವಿಗೆ ಅಂಟಿಕೊಂಡ ತಳದ ತೆಳುಭಾಗ ಎಂದೂ ಬೀಳುವುದಿಲ್ಲ. ಯಾಕೆ ಬೀಳುವುದಿಲ್ಲ? ಎರಡಕ್ಕೂ ರಕ್ತದ ದಾರಿಯೇ ಬೇರೆ. ಮೇಲಿನ ಭಾಗಕ್ಕೆ ಉಣಿಸುವುದು ಮಾರ್ಕಿ ಕಂಡ ಸುರುಳಿ ನಾಳಗಳು, ಹಾರ್ಮೋನು ಇಳಿದರೆ ಮುಚ್ಚಿಕೊಳ್ಳುವಂಥವು. ತಳಕ್ಕೆ ಉಣಿಸುವುದು ಗಿಡ್ಡ, ನೇರ ನಾಳಗಳು. ಹಾರ್ಮೋನಿನ ಏರಿಳಿತಕ್ಕೆ ಅವು ಜಗ್ಗುವುದಿಲ್ಲ. ಮೇಲೆ ಎಲ್ಲ ಉದುರುತ್ತಿದ್ದರೂ ತಳ ಉಂಡುಕೊಂಡು ಸುಖವಾಗಿರುತ್ತದೆ.

ಆ ತಳದಲ್ಲಿ ಏನಿದೆ ಎಂಬುದರ ನಿಜರೂಪ ಕಂಡದ್ದು ತೀರಾ ಇತ್ತೀಚೆಗೆ. ನೂರಕ್ಕೂ ಹೆಚ್ಚು ವರ್ಷ ವೈದ್ಯರು ಒಳಪದರವನ್ನು ತೆಳ್ಳಗೆ ಸೀಳಿ ಗಾಜಿನ ಮೇಲಿಟ್ಟು ನೋಡಿದರು. ಸೀಳಿದ ಹಾಳೆಯಲ್ಲಿ ಗ್ರಂಥಿಗಳೆಂದರೆ ಅಲ್ಲೊಂದು ಇಲ್ಲೊಂದು ದುಂಡು ತೂತು. ಜಪಾನಿನ ನಿಗಾಟ ವಿಶ್ವವಿದ್ಯಾಲಯದ ತಂಡ ಇಡೀ ತುಂಡನ್ನೇ ರಾಸಾಯನಿಕಗಳಿಂದ ಪಾರದರ್ಶಕವಾಗಿಸಿ, ಬೆಳಕಿನ ಹಾಳೆ ಹಾಯಿಸಿ ಮೂರು ಆಯಾಮದಲ್ಲಿ ಚಿತ್ರಿಸಿ 2021ರಲ್ಲಿ ಪ್ರಕಟಿಸಿತು. ಬಿಡಿ ಬಿಡಿ ತೂತುಗಳೆಂದು ಕಂಡದ್ದೆಲ್ಲ ತಳದಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದವು! ಸ್ನಾಯುವಿನ ಮೇಲೆ ಅಡ್ಡಡ್ಡ ಹಬ್ಬಿದ ಜಾಲ, ಅದರಿಂದ ಮೇಲಕ್ಕೆ ಎದ್ದ ಗ್ರಂಥಿಗಳು. ಹೊಲದ ಗರಿಕೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲೆ ಎಷ್ಟೇ ಕೆತ್ತಿ ಹಾಕಿ, ಮಣ್ಣಿನಡಿ ಅಡ್ಡಕ್ಕೆ ಓಡಿದ ಕಾಂಡ ಉಳಿದಿದ್ದರೆ ನಾಲ್ಕೇ ದಿನಕ್ಕೆ ಗೆಣ್ಣುಗೆಣ್ಣಿನಿಂದ ಹಸಿರು ಎದ್ದು ನಿಲ್ಲುತ್ತದೆ. ವಿಜ್ಞಾನಿಗಳೂ ಹುಲ್ಲಿನ ಈ ನೆಲದಡಿಯ ಕಾಂಡಕ್ಕೇ ಅದನ್ನು ಹೋಲಿಸಿದರು.

ಒಳಪದರದ ಮಟ್ಟಿಗೂ ನಾಲ್ಕೇ ದಿನ ಎಂಬುದು ಅತಿಶಯೋಕ್ತಿಯಲ್ಲ. ರಕ್ತ ಶುರುವಾಗಿ ಎರಡು ದಿನ ಆಗುವಷ್ಟರಲ್ಲಿ ರಿಪೇರಿ ಶುರು. ಒಂದು ಮೂಲೆಯಲ್ಲಿ ಇನ್ನೂ ಪದರ ಕಳಚುತ್ತಿರುತ್ತದೆ, ಪಕ್ಕದಲ್ಲೇ ತುಂಡಾದ ಗ್ರಂಥಿಗಳ ಬಾಯಿಯಿಂದ ಜೀವಕೋಶಗಳು ಹೊರಟು ಗಾಯದ ಮೇಲೆ ಹರಡುತ್ತಿರುತ್ತವೆ. ಆ ಬಾಯಿಂದ ಬಂದವು ಈ ಬಾಯಿಂದ ಬಂದವನ್ನು ಮುಟ್ಟಿ ಬೆಸೆದುಕೊಳ್ಳುತ್ತವೆ. ಐದಾರನೇ ದಿನಕ್ಕೆ ಇಡೀ ಮೈ ಮುಚ್ಚಿಯಾಗಿದೆ. ಕಲೆ? ಇಲ್ಲ! ಮಂಡಿ ತರಚಿದರೆ ಗುರುತು ಉಳಿಯುತ್ತದೆ, ಶಸ್ತ್ರಚಿಕಿತ್ಸೆಯ ಹೊಲಿಗೆ ಬದುಕಿಡೀ ಉಳಿಯುತ್ತದೆ. ಇಲ್ಲಿ ಒಳಗೋಡೆಯೆಲ್ಲ ಗಾಯವಾಗಿ, ಕಲೆಯ ಗುರುತೇ ಇಲ್ಲದೆ ಮಾಯುತ್ತದೆ. ಈ ಕಾಲದ ಹೆಣ್ಣಿನ ಬದುಕಿನಲ್ಲಿ ಇದು ಸುಮಾರು 400 ಸಲ ನಡೆಯುತ್ತದೆ. ದೊಡ್ಡವರ ದೇಹದಲ್ಲಿ ಹೀಗೆ ಮಾಯುವ ಇಂಥ ಇನ್ನೊಂದು ಅಂಗ ಹುಡುಕಿದರೂ ಸಿಗುವುದು ಕಷ್ಟ. ಗಾಯದ ಕಲೆಯನ್ನು ತಡೆಯುವ ಗುಟ್ಟು ಹುಡುಕುವವರು ಈಗ ಗರ್ಭಕೋಶದ ಕಡೆ ತಿರುಗಿ ನೋಡುತ್ತಿರುವುದು ಅದಕ್ಕೇ.

ಆ ತಳ ಹಾಳಾದರೆ ಮಾತ್ರ ಕತೆಯೇ ಬೇರೆ. ಅತಿಯಾಗಿ ಕೆರೆದರೆ, ಅಥವಾ ನಮ್ಮ ದೇಶದಲ್ಲಿ ಇನ್ನೂ ಕಾಡುವ ಜನನಾಂಗದ ಕ್ಷಯ ತಗುಲಿದರೆ, ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮುಟ್ಟು ಕಡಿಮೆಯಾಗುತ್ತದೆ ಇಲ್ಲವೇ ನಿಲ್ಲುತ್ತದೆ. 1948ರಲ್ಲಿ ಇದನ್ನು ವಿವರಿಸಿದ ಜೋಸೆಫ್ ಆಶರ್‌ಮನ್ ಅವರ ಹೆಸರಲ್ಲೇ ಇದನ್ನು ಗುರುತಿಸುತ್ತಾರೆ.

ಗಾಯ ಮುಚ್ಚಿದ ಮೇಲೆ ಬೆಳವಣಿಗೆಯ ಭರಾಟೆ. ಅಂಡಾಶಯದಲ್ಲಿ ಹಿಗ್ಗುತ್ತಿರುವ ಅಂಡಕೋಶ ಈಸ್ಟ್ರೋಜನ್ ಸುರಿಸುತ್ತದೆ. ಒಂದೆರಡು ಮಿಲಿಮೀಟರ್ ಇದ್ದ ಪದರ ಹದಿನಾಲ್ಕನೇ ದಿನದ ಹೊತ್ತಿಗೆ ಎಂಟರಿಂದ ಹನ್ನೆರಡು ಮಿಲಿಮೀಟರ್! ಮಗುವಿಗಾಗಿ ಕಾಯುತ್ತ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನಲ್ಲಿ ದಿನ ಬಿಟ್ಟು ದಿನ ಕೂತವರಿಗೆ ಈ ಅಂಕಿ ಬಾಯಿಪಾಠ. 'ಲೈನಿಂಗ್ ಎಂಟಾಗಿದೆ, ಟ್ರಿಪಲ್ ಲೈನ್ ಬಂದಿದೆ' ಎಂದು ಡಾಕ್ಟರು ಹೇಳಿದಾಗ ಪರದೆಯ ಮೇಲೆ ಮೂರು ಬಿಳಿ ಗೆರೆ, ನಡುವೆ ಎರಡು ಕಪ್ಪು ಪಟ್ಟಿ ಕಾಣುತ್ತವೆ. ನಡುವಿನ ಗೆರೆ ಎರಡು ಗೋಡೆಗಳು ಕೂಡುವ ಜಾಗ. ಕಪ್ಪು ಪಟ್ಟಿಗಳೇ ಹೊಸದಾಗಿ ಬೆಳೆದ ಪದರ. ಅದೇ ಸ್ಕ್ಯಾನಿನ ಚಿತ್ರಗಳನ್ನು ವೇಗವಾಗಿ ಓಡಿಸಿದರೆ ಇನ್ನೊಂದು ವಿಸ್ಮಯ: ಪದರದ ತಳದಲ್ಲಿ ಅಲೆಗಳು ಏಳುತ್ತಿವೆ. ಅಂಡಾಣು ಬಿಡುಗಡೆಯಾಗುವ ದಿನಗಳಲ್ಲಿ ಅವು ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ, ವೀರ್ಯಾಣುವಿಗೆ ದಾರಿ ಸುಲಭವಾಗಲಿ ಎಂಬಂತೆ. ಮುಟ್ಟಿನಲ್ಲಿ ಮೇಲಿನಿಂದ ಕೆಳಕ್ಕೆ. ನಡುವೆ ಭ್ರೂಣ ಬರುವ ದಿನಗಳಲ್ಲಿ ಅಲೆಗಳು ಬಹುಪಾಲು ತಣ್ಣಗಾಗುತ್ತವೆ.

ಈಸ್ಟ್ರೋಜನ್ ಇನ್ನೊಂದು ಕೆಲಸವನ್ನೂ ಮಾಡಿ ಹೋಗುತ್ತದೆ. ಮುಂದೆ ಬರಲಿರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳನ್ನು ಜೀವಕೋಶಗಳೊಳಗೆ ತುಂಬಿಸಿಟ್ಟಿರುತ್ತದೆ. ಮೊದಲನೆಯದು ಬಾರದಿದ್ದರೆ ಎರಡನೆಯದು ಬಂದರೂ ಪ್ರಯೋಜನವಿಲ್ಲ.

ಅಂಡಾಣು ಹೊರಬಿತ್ತು. ಅದು ಬಿಟ್ಟುಹೋದ ಕೋಶ ಹಳದಿ ಗಂಟಾಗಿ ಪ್ರೊಜೆಸ್ಟರಾನ್ ಸುರಿಸತೊಡಗಿತು. ಬೆಳವಣಿಗೆಗೆ ಕಡಿವಾಣ ಬಿತ್ತು, ತಯಾರಿ ಶುರುವಾಯಿತು. ಈ ಹಂತವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು! ಗುಲಾಬಿ, ನೇರಳೆ ಬಣ್ಣ ಹಾಕಿದ ಗಾಜು. ಗ್ರಂಥಿಯ ಸುತ್ತ ಕಂಬದಂಥ ಕೋಶಗಳ ಸಾಲು. ಅಂಡಾಣು ಹೊರಬಿದ್ದ ಒಂದೂವರೆ ಎರಡು ದಿನಕ್ಕೆ ಪ್ರತಿ ಕೋಶದ ಬುಡದಲ್ಲೂ ಒಂದು ತಿಳಿಯಾದ ಗುಳ್ಳೆ ಹುಟ್ಟುತ್ತದೆ. ಕೋಶಕೇಂದ್ರಗಳನ್ನು ಅದು ಮೇಲಕ್ಕೆ ತಳ್ಳಿ ಎಲ್ಲವನ್ನೂ ಒಂದೇ ಎತ್ತರದಲ್ಲಿ ನಿಲ್ಲಿಸುತ್ತದೆ. ಗುಳ್ಳೆಯಲ್ಲಿರುವುದು ಗ್ಲೈಕೋಜನ್, ಸಕ್ಕರೆಯ ದಾಸ್ತಾನು. ಒಂದೆರಡು ದಿನ ಕಳೆದರೆ ಗುಳ್ಳೆಗಳು ಕೇಂದ್ರಗಳನ್ನು ದಾಟಿ ಮೇಲೆ ಬಂದು ಗ್ರಂಥಿಯ ಒಳಗೆ ಸುರಿದುಕೊಳ್ಳುತ್ತವೆ. ನೆಟ್ಟಗಿದ್ದ ಗ್ರಂಥಿ ಈಗ ಗರಗಸದ ಅಂಚಿನ ಹಾಗೆ ಹಲ್ಲುಹಲ್ಲು. ಇಂಥ ಗುರುತುಗಳನ್ನು ದಿನವಾರು ಪಟ್ಟಿ ಮಾಡಿ ನೋಯ್ಸ್, ಹರ್ಟಿಗ್, ರಾಕ್ ಎಂಬ ಮೂವರು 1950ರಲ್ಲಿ ಲೇಖನ ಬರೆದರು. ಚೂರು ನೋಡಿ ಅದು ಚಕ್ರದ ಎಷ್ಟನೇ ದಿನದ್ದು ಎಂದು ಹೇಳುವ ಪದ್ಧತಿ ಅದರಿಂದ ಬೆಳೆಯಿತು. ಕರಾರುವಾಕ್ಕಾಗಿ ಒಂದೇ ದಿನಕ್ಕೆ ಬೆರಳಿಡಲಾಗದು ಎಂದು ಮುಂದೆ ತಿಳಿಯಿತಾದರೂ ಆ ಗುಳ್ಳೆಗಳ ಸಾಲನ್ನು ಇವತ್ತಿಗೂ ಪ್ರತಿ ಪೆಥಾಲಜಿ ವಿದ್ಯಾರ್ಥಿ ಹುಡುಕುತ್ತಾರೆ.

ಈ ಸಕ್ಕರೆ ಯಾರಿಗೆ? ಬರಬಹುದಾದ, ಬಾರದೆಯೂ ಹೋಗಬಹುದಾದ ಅತಿಥಿಗೆ. ಭ್ರೂಣ ನೆಲೆಸಿದರೆ ತಾಯಿಯ ರಕ್ತ ಮಾಸುವಿನೊಳಗೆ ಧಾರಾಳವಾಗಿ ಹರಿಯಲು ಸುಮಾರು ಹತ್ತು ವಾರ ಬೇಕು. ಅಲ್ಲಿಯವರೆಗೆ ಅದರ ಊಟದಲ್ಲಿ ದೊಡ್ಡ ಪಾಲು ಈ ಗ್ರಂಥಿಗಳು ಸುರಿಸುವ ರಸವೇ ಎಂದು ಕೇಂಬ್ರಿಜ್‌ನ ಗ್ರಹಾಂ ಬರ್ಟನ್ ತಂಡ 2002ರಲ್ಲಿ ತೋರಿಸಿತು.

ಸುಮಾರು ಇಪ್ಪತ್ತರಿಂದ ಇಪ್ಪತ್ತನಾಲ್ಕನೇ ದಿನ. ಭ್ರೂಣ ಅಂಟಿಕೊಳ್ಳಲು ಒಳಪದರ ಒಪ್ಪುವುದು ಈ ಕೆಲವೇ ದಿನ, ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಇದೇ ಹೊತ್ತಿಗೆ ಗ್ರಂಥಿಗಳ ನಡುವಿನ ಕೋಶಗಳೂ ರೂಪ ಬದಲಿಸುತ್ತವೆ. ಕಡ್ಡಿಯಂತಿದ್ದವು ಊದಿ ದುಂಡಗಾಗುತ್ತವೆ. ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಕೋಶಗಳು ದಂಡುದಂಡಾಗಿ ಬಂದು ಸೇರುತ್ತವೆ. ಹೆಸರಿನಲ್ಲಿ 'ಕಿಲ್ಲರ್' ಇದ್ದರೂ ಇಲ್ಲಿ ಅವು ಕೊಲ್ಲಲು ಬಂದವಲ್ಲ, ಸುರುಳಿ ನಾಳಗಳನ್ನು ಅಗಲ ಮಾಡಿ ಮಗುವಿಗೆ ರಕ್ತದ ದಾರಿ ತೆರೆಯಲು ನೆರವಾಗುತ್ತವೆ.

ಇಲ್ಲಿಯೇ ನಾವು ಹೆಚ್ಚಿನ ಸಸ್ತನಿಗಳಿಂದ ಬೇರೆಯಾಗುವುದು. ಇಲಿಯಲ್ಲಿ ಭ್ರೂಣ ಬಂದು ಮುಟ್ಟಿದ ಮೇಲೆಯೇ ಈ ಬದಲಾವಣೆ. ಮನುಷ್ಯರಲ್ಲಿ ಭ್ರೂಣ ಇರಲಿ ಬಿಡಲಿ, ಪದರ ತಾನಾಗಿಯೇ ಪೂರ್ತಿ ಸಿದ್ಧವಾಗಿಬಿಡುತ್ತದೆ. ಒಮ್ಮೆ ಹೀಗೆ ಬದಲಾದ ಕೋಶ ಮತ್ತೆ ಹಳೆಯ ರೂಪಕ್ಕೆ ಸುಲಭವಾಗಿ ಮರಳಲಾರದು. ಅದಕ್ಕೇ ಅದು ಬೀಳಬೇಕು, ಅದಕ್ಕೇ ಮುಟ್ಟು! ಮುಟ್ಟಾಗುವ ಪ್ರಾಣಿಗಳ ಗುಂಪುಗಳನ್ನು ಎಣಿಸಿದರೆ ಕೈಬೆರಳು ಬಹುಪಾಲು ಸಾಕು: ಮನುಷ್ಯರು, ವಾನರರು, ಹಲವು ಕೋತಿಗಳು, ಕೆಲವು ಬಾವಲಿಗಳು, ಆಫ್ರಿಕಾದ ಆನೆಮೂಗಿನ ಮೂಗಿಲಿ, ಮತ್ತು 2016ರ ಹೊತ್ತಿಗೆ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಕಂಡುಹಿಡಿದ ಮುಳ್ಳುಗೂದಲಿನ ಒಂದು ಇಲಿ. ನಮ್ಮ ಗುಹೆಗಳಲ್ಲಿ ನೇತಾಡುವ ಲೆಶೆನೋ ಹಣ್ಣುಬಾವಲಿಯೂ ಈ ಪಟ್ಟಿಯಲ್ಲಿದೆ! ಬೀದಿನಾಯಿಗೂ ರಕ್ತ ಹೋಗುತ್ತದಲ್ಲ ಎಂದು ಕೇಳಬಹುದು. ಅದು ಬೆದೆಗೆ ಬರುವಾಗಿನ ರಕ್ತ, ಪದರ ಕಳಚುವುದರಿಂದ ಬಂದದ್ದಲ್ಲ.

ಭ್ರೂಣ ಬರುವ ಮೊದಲೇ ಸಿದ್ಧವಾಗಿ ನಿಲ್ಲುವುದರಿಂದ ಲಾಭವೇನು? ಬ್ರಿಟನ್ನಿನ ಯಾನ್ ಬ್ರೋಸೆನ್ಸ್ ಮತ್ತು ಜೊತೆಗಾರರು 2010ರಲ್ಲಿ ಮೈ ನವಿರೇಳಿಸುವ ಉತ್ತರವೊಂದನ್ನು ಮುಂದಿಟ್ಟರು. ಹೀಗೆ ಬದಲಾದ ಕೋಶಗಳ ಮೇಲೆ ಬೆಳವಣಿಗೆ ನಿಂತುಹೋದ ಭ್ರೂಣವನ್ನು ಇಟ್ಟಾಗ, ಭ್ರೂಣ ನೆಲೆಸಲು ಬೇಕಾದ ವಸ್ತುಗಳ ತಯಾರಿಕೆಯನ್ನು ಕೋಶಗಳು ಕಡಿತಗೊಳಿಸಿದವು. ಸರಿಯಾಗಿ ಬೆಳೆಯುತ್ತಿರುವ ಭ್ರೂಣಕ್ಕೆ ಹಾಗೆ ಮಾಡಲಿಲ್ಲ. ಅಂದರೆ ಒಳಪದರ ಸುಮ್ಮನೆ ಬಿದ್ದಿರುವುದಿಲ್ಲ. ಬಂದವರನ್ನು ಪರೀಕ್ಷಿಸುತ್ತದೆ, ತೀರ್ಮಾನಿಸುತ್ತದೆ.

ಯಾರೂ ಬಾರದಿದ್ದರೆ ಹಳದಿ ಗಂಟಿನ ಆಯುಸ್ಸು ಸುಮಾರು ಹದಿನಾಲ್ಕು ದಿನಕ್ಕೆ ಮುಗಿಯುತ್ತದೆ. ಪ್ರೊಜೆಸ್ಟರಾನ್ ಇಳಿಯುತ್ತದೆ. ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಏರುತ್ತವೆ, ಸ್ನಾಯು ಹಿಂಡುತ್ತದೆ, ಹೊಟ್ಟೆ ಕಿವುಚಿದಂತಾಗುತ್ತದೆ. ಆ ನೋವು ಮನಸ್ಸಿನ ಕಲ್ಪನೆಯಲ್ಲ, ಅಳೆಯಬಹುದಾದ ರಾಸಾಯನಿಕ. ಮೆಫೆನಾಮಿಕ್ ಆಮ್ಲದ ಮಾತ್ರೆ ಕೆಲಸ ಮಾಡುವುದೇ ಅದರ ತಯಾರಿಕೆಯನ್ನು ತಡೆದು. ಕೋಶಗಳ ನಡುವಿನ ನೂಲುಗಳನ್ನು ಕಿಣ್ವಗಳು ಕರಗಿಸುತ್ತವೆ. ಪದರ ಬೀಳುತ್ತದೆ. ಒಂದು ಸಲಕ್ಕೆ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರ್, ಎರಡು ಮೂರು ದೊಡ್ಡ ಚಮಚದಷ್ಟು. ಉಳಿದದ್ದೆಲ್ಲ ಕಳಚಿದ ಅಂಗಾಂಶ ಮತ್ತು ದ್ರವ.

ಆ ದ್ರವದಲ್ಲಿ ಮತ್ತೆ ಜೀವ! ಕಾಂಡಕೋಶಗಳ ಗುಣವುಳ್ಳ ಕೋಶಗಳು ಮುಟ್ಟಿನ ರಕ್ತದಲ್ಲಿವೆ ಎಂದು 2007ರಲ್ಲಿ ವರದಿಯಾಯಿತು. 2017ರಲ್ಲಿ ಕೇಂಬ್ರಿಜ್‌ನಲ್ಲಿ ಮಾರ್ಗರಿಟಾ ಟರ್ಕೋ ಮತ್ತು ಸಂಗಡಿಗರು ಒಳಪದರದ ಕೋಶಗಳಿಂದ ಪ್ರಯೋಗಾಲಯದ ತಟ್ಟೆಯಲ್ಲೇ ಪುಟ್ಟ ಗ್ರಂಥಿಗಳನ್ನು ಬೆಳೆಸಿದರು. ಅವು ಹಾರ್ಮೋನು ಹಾಕಿದರೆ ಸ್ಪಂದಿಸುತ್ತವೆ, ರಸವನ್ನೂ ಸುರಿಸುತ್ತವೆ. 2021ರಲ್ಲಿ ಅದೇ ಊರಿನ ವಿಜ್ಞಾನಿಗಳು ಮುಟ್ಟಿನ ಸ್ರಾವದಿಂದಲೇ ಅವನ್ನು ಬೆಳೆಸಿ ತೋರಿಸಿದರು. ಕೋತಿಯ ಕಣ್ಣು ಬೇಡ, ಕೆರೆಯುವುದೂ ಬೇಡ. ಮೈಲಿಗೆ ಎಂದು ಮೂಲೆಗೆ ತಳ್ಳಿದ ರಕ್ತದಿಂದ ಗರ್ಭಕೋಶವನ್ನು ಓದಬಹುದು!

ಇಷ್ಟೆಲ್ಲ ತಿಳಿದ ಮೇಲೆ ಒಂದು ಸಂಗತಿ ಹೇಳದೆ ಇರಲಾರೆ. ವಿಯೆನ್ನಾದ ವೈದ್ಯರು ಸಹಜವಾದದ್ದನ್ನು ಕಾಯಿಲೆ ಎನ್ನಬೇಡಿ ಎಂದು ತೋರಿಸಿ ನೂರು ವರ್ಷ ದಾಟಿದ ಮೇಲೆ, 2015ರಲ್ಲಿ, ನಮ್ಮ ಕಲಬುರಗಿಯಲ್ಲಿ ಬಡ ಹೆಣ್ಣುಮಕ್ಕಳ, ಅದರಲ್ಲೂ ಲಂಬಾಣಿ ತಾಂಡಾದವರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ದೂರು ಎದ್ದು ತನಿಖೆ ನಡೆಯಿತು. ಹೊಟ್ಟೆನೋವು, ಬಿಳಿಸೆರಗು, ಹೆಚ್ಚು ರಕ್ತಸ್ರಾವ ಎಂದು ಹೋದವರು ಅವರಲ್ಲಿದ್ದರು. ಕ್ಯಾನ್ಸರಿನಂಥ ಕಾಯಿಲೆಗಳಲ್ಲಿ ಗರ್ಭಕೋಶ ತೆಗೆಯಲೇಬೇಕಾಗುತ್ತದೆ, ಅದು ಜೀವ ಉಳಿಸುತ್ತದೆ. ಆದರೆ ರಕ್ತ ಹೆಚ್ಚು ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಯಾರಾದರೂ ತೆಗೆಸಿಬಿಡಿ ಎಂದರೆ, ದಯವಿಟ್ಟು ಕೇಳಿ: ಒಳಪದರ ಎಷ್ಟು ದಪ್ಪ ಇದೆ? ಬಯಾಪ್ಸಿ ಮಾಡಿದ್ದೀರಾ, ವರದಿ ಎಲ್ಲಿ? ಮಾತ್ರೆಯಿಂದ, ಗರ್ಭಕೋಶದೊಳಗೆ ಇಟ್ಟು ಪದರವನ್ನು ತೆಳುವಾಗಿಸುವ ಹಾರ್ಮೋನಿನ ವಂಕಿಯಿಂದ ಆಗದೇ? ಕೇಳಿ, ಇನ್ನೊಬ್ಬ ವೈದ್ಯರಿಗೂ ತೋರಿಸಿ. ಅಕ್ಕಪಕ್ಕದವರಿಗೂ ಹೇಳಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೆ ಮಾತ್ರ ಕಾಯಬೇಡಿ, ಆ ವಾರವೇ ಆಸ್ಪತ್ರೆಗೆ ಹೋಗಿ.